ಬಳಸದ ಕಾರು

ನಮ್ಮ ಭಾವ ಮನುಷ್ಯರ ಮುಖ ನೋಡುವುದಿಲ್ಲ, ಅವರು ಕೂರುವ ಭಂಗಿ ನೋಡುತ್ತಾರೆ. ಕಾರು, ಬಸ್ಸುಗಳ ಸೀಟು ಹೊಲಿಯುವುದು ಭಾವನ ಕಸುಬು. ಎಡಕ್ಕೆ ವಾಲಿ ಕೂರುವವನು ಕೊಟ್ಟ ಮಾತಿಗೆ ನಿಲ್ಲುವುದಿಲ್ಲ, ಅಂಚಿನಲ್ಲಿ ಕೂರುವವನು ಹೆಂಡತಿಗೆ ಹೆದರುತ್ತಾನೆ, ಕೂತ ಕೂಡಲೇ ಒರಗುವವನಿಗೆ ಯಾವ ಕೆಲಸವನ್ನೂ ಒಪ್ಪಿಸಬಾರದು ಎಂಬುದು ಅವರೇ ಕಟ್ಟಿಕೊಂಡ ಶಾಸ್ತ್ರ. ಇದನ್ನು ಬಾಯಿಯ ಒಂದು ಮೂಲೆಯಿಂದಲೇ ಬೋಧಿಸುತ್ತಾರೆ, ಏಕೆಂದರೆ ಇನ್ನೊಂದು ಮೂಲೆಯಲ್ಲಿ ಸದಾ ಸಣ್ಣ ಮೊಳೆಗಳಿರುತ್ತವೆ. ಬೀದಿಯವರಿಗೆಲ್ಲ ಅವರು ಸೀಟಪ್ಪ. ಇಂಥ ಸಾಧುಪ್ರಾಣಿ ಒಂದು ಸರ್ಕಾರದ ಮೇಲೆ ಯುದ್ಧ ಸಾರಿದ ಕಥೆ ಇದು. ಆ ಯುದ್ಧದಲ್ಲಿ ನಾನೂ ಇದ್ದೆ, ಫೈಲು ಹೊರುವ ಆಳಾಗಿ.

ಯುದ್ಧಕ್ಕೆ ಕಾರಣ ಒಂದು ಕಾರು. ಕೆಂಪು ಬಣ್ಣದ, ಎರಡೇ ಸೀಟಿನ, ಹೊರದೇಶದಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ ಪಕ್ಕದಲ್ಲಿ ಹಾದುಹೋಗುವ ಬೆಕ್ಕು ಕೂಡ ಕಿಟಕಿಯಲ್ಲಿ ಇಣುಕಬಹುದಿತ್ತು. ಅದರ ಒಡೆಯ ಒಬ್ಬ ಗಿರಣಿ ಯಜಮಾನ. ಸೀಟು ಹೊಲಿಸಲು ಲಾರಿಯ ಮೇಲೆ ತಂದು ಇಳಿಸಿದ್ದ. ಹೊಲಿದಾದ ಮೇಲೆ ಒಳಗೆ ಕೂತು ನೋಡಿದ. ಕೂತದ್ದೇನೋ ಕೂತ, ಏಳಲಾಗಲಿಲ್ಲ, ಮಂಡಿ ಹಿಡಿದುಕೊಂಡಿತು. ಒಬ್ಬರು ಕಂಕುಳಿಗೆ, ಇನ್ನೊಬ್ಬರು ಸೊಂಟಕ್ಕೆ ಕೈಹಾಕಿ ಎಳೆದ ಮೇಲೆ ಹೊರಬಂದ ಆ ಮಹಾನುಭಾವ, "ನೀನೇ ಇಟ್ಕೊಳಪ್ಪ. ನನ್ನ ವಯಸ್ಸು ಎಷ್ಟು ಅಂತ ಈ ಡಬ್ಬದಿಂದ ಹೇಳಿಸ್ಕೊಳ್ಳೋ ಗ್ರಹಚಾರ ನನಗೆ ಬೇಡ" ಎಂದು ಹಳೇ ಕಬ್ಬಿಣದ ಬೆಲೆಗೆ ಅದನ್ನು ಭಾವನ ಹೆಸರಿಗೆ ಬರೆದುಕೊಟ್ಟು ಹೋದ.

ಭಾವ ಅದನ್ನು ಓಡಿಸಲಿಲ್ಲ. ಓಡಿಸುವಂತೆಯೂ ಇರಲಿಲ್ಲ. ಬೀದಿಯ ಬಾಯಲ್ಲೇ ನಗರಸಭೆಯವರು ಒಂದು ಹಂಪ್ ಎಬ್ಬಿಸಿದ್ದರು. ಅದನ್ನು ಹತ್ತಿ ಇಳಿಯುವಾಗ ಲಾರಿಗಳೇ ನರಳುತ್ತಿದ್ದವು. ಈ ಕಾರು ಹೋಗಿದ್ದರೆ ಹೊಟ್ಟೆ ಸಿಕ್ಕಿಸಿಕೊಂಡು ತಕ್ಕಡಿಯ ಹಾಗೆ ತೂಗುತ್ತಿತ್ತು. ಹಾಗಾಗಿ ಅದು ಅಂಗಡಿಯ ಹಿಂದಿನ ಶೆಡ್ಡಿನಲ್ಲೇ ನಿಂತಿತು. ಭಾವ ಆಗಾಗ ಇಂಜಿನ್ ಶುರು ಮಾಡಿ, ಅದರ ಗುರುಗುಟ್ಟುವಿಕೆ ಕೇಳಿ, ಆರಿಸುತ್ತಿದ್ದರು. ತಾವೇ ಹೊಲಿದ ತೊಗಲಿನ ಸೀಟಿನ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಬಿಗಿದರು. ಗಿರಾಕಿಗಳ ಸೀಟಿನ ಪ್ಲಾಸ್ಟಿಕ್ಕನ್ನು "ಬೆವರು ಬರುತ್ತೆ, ತೆಗೀರಿ" ಎಂದು ಕಿತ್ತೆಸೆಯುವ ಮನುಷ್ಯ, ತಮ್ಮ ಸೀಟಿನ ಹೊದಿಕೆಗೆ ಮಾತ್ರ ಯಾರ ಉಗುರೂ ತಾಗಲು ಬಿಡಲಿಲ್ಲ.

ಹಾಗಂತ ಕಾರು ಖಾಲಿ ನಿಂತಿರಲಿಲ್ಲ. ನಮ್ಮ ಅಕ್ಕನ ಗಂಡನ ಮನೆ ಎಂದರೆ ಸಂತೆ. ಅತ್ತೆ, ಇಬ್ಬರು ವಾರಗಿತ್ತಿಯರು, ಅವರ ಗಂಡಂದಿರು, ಎಣಿಸಲು ಹೋದರೆ ಲೆಕ್ಕ ತಪ್ಪುವಷ್ಟು ಮಕ್ಕಳು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಹಿತ್ತಿಲಿನಿಂದ ಉತ್ತರ ಬರುತ್ತಿತ್ತು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳೇ ಸೀದಾ ಶೆಡ್ಡಿಗೆ ಹೋಗಿ ಕಾರಿನ ಬಾಗಿಲು ತೆಗೆದು ಕೂತುಬಿಡುತ್ತಿದ್ದಳು. ಭಾವ ಮೊಳೆ ಉಗಿದು ಬಂದು ಸ್ಟಿಯರಿಂಗ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಅವರ ಜಗಳ, ರಾಜಿ, ಅಕ್ಕನ ಅಳು, ಭಾವನ ಪೆದ್ದು ಜೋಕುಗಳು, ಎಲ್ಲ ಆ ಗಾಜಿನೊಳಗೇ ನಡೆದವು. ಒಂದು ದಿನ ಅತ್ತೆ ಬಂದು ಗಾಜು ತಟ್ಟಿ, "ನಾನೆಲ್ಲಿ ಕೂತ್ಕೊಳ್ಳಲಿ?" ಎಂದರು.

"ಅಮ್ಮ, ಇದು ಎರಡೇ ಸೀಟಿಂದು."

"ಇದನ್ನ ಮಾಡಿದೋರಿಗೆ ಅಮ್ಮ ಇರ್ಲಿಲ್ವೇನೋ" ಎಂದು ಗೊಣಗಿ ಆಕೆ ಹೊರಟುಹೋದರು.

ಆ ಕಾರಿನಲ್ಲೇ ಭಾವ ಅಕ್ಕನಿಗೆ ಒಂದು ಮಾತು ಕೊಟ್ಟಿದ್ದರು. "ಒಂದಲ್ಲ ಒಂದು ದಿನ ಹಂಪ್ ಇಲ್ಲದ ಜಾಗದಲ್ಲಿ ನಿನ್ನ ಕೂರಿಸ್ಕೊಂಡು ಇದನ್ನ ಓಡಿಸ್ತೀನಿ." ಮದುವೆಯಲ್ಲಿ ಕೊಟ್ಟ ಮಾತುಗಳೆಲ್ಲ ಅಕ್ಕನಿಗೆ ಮರೆತಿವೆ. ಇದೊಂದನ್ನು ಅವಳು ಮರೆಯಲಿಲ್ಲ, ಭಾವ ಮರೆಯಲು ಬಿಡಲೂ ಇಲ್ಲ.

ವಯಸ್ಸು ಐವತ್ತರ ಹತ್ತಿರ ಬಂದಾಗ ಅಕ್ಕನಿಗೆ ನಾನಿರುವ ಈ ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಭಾವ ಒಂದೇ ಒಂದು ಷರತ್ತು ಹಾಕಿದರು. ಮಂಚ ಬೇಡ, ಪಾತ್ರೆ ಬೇಡ, ಬೀರು ಬೇಡ, ಕಾರು ಬರಬೇಕು. ತಪ್ಪು ನನ್ನದೂ ಇದೆ. "ಇಲ್ಲಿ ರಸ್ತೆ ಹೇಗಿದೆ ಅಂದ್ರೆ ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದು" ಎಂದು ಫೋನಿನಲ್ಲಿ ಹೊಗಳಿದವನು ನಾನೇ. ಕಾರು ಹಡಗು ಹತ್ತಿತು, ಅವರಿಬ್ಬರು ವಿಮಾನ ಹತ್ತಿದರು. ಮನುಷ್ಯರು ಒಂದು ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದರು. ಕಾರು ಬಂದರಿನ ಸುಂಕದ ಅಂಗಳದಲ್ಲಿ ಸೆರೆ ಸಿಕ್ಕಿತು.

ಸೆರೆಮನೆಯ ಅಧಿಪತಿ ಒಬ್ಬ ಅಧಿಕಾರಿ. ಉಸಿರಿಗೊಮ್ಮೆ ಕಾನೂನಿನ ಕಲಮು ಹೇಳುತ್ತಿದ್ದುದರಿಂದ ಭಾವ ಅವನಿಗೆ ಕಲಮು ಸಾಹೇಬ ಎಂದು ನಾಮಕರಣ ಮಾಡಿದರು. ಅವನ ಕುರ್ಚಿಯ ಸ್ಪಂಜು ಒಂದು ಕಡೆ ಕುಸಿದಿತ್ತು. ಅವನು ಎಡಕ್ಕೆ ವಾಲಿಯೇ ಕೂರುತ್ತಿದ್ದ. ಭಾವ ನನ್ನ ಕಿವಿಯಲ್ಲಿ, "ಆಯ್ತು, ಮುಗೀತು ನಮ್ಮ ಕಥೆ" ಎಂದರು.

ಮುಗಿಯಲಿಲ್ಲ, ಶುರುವಾಯಿತು. ಈ ದೇಶದ ನಿಯಮಕ್ಕೆ ಕಾರು ಹೊಂದುತ್ತದೆ ಎಂದು ತಯಾರಕರ ಪತ್ರ ಬೇಕೆಂದರು. ತಯಾರಕರಿಗೆ ಬರೆದೆವು. ಇಲ್ಲಿನ ವ್ಯಾಪಾರಿಯನ್ನು ಕೇಳಿ ಎಂದರು. ವ್ಯಾಪಾರಿಯನ್ನು ಕೇಳಿದೆವು. ನಾನು ಮಾರದ ಕಾರಿಗೆ ನಾನೇಕೆ ಪತ್ರ ಕೊಡಲಿ ಎಂದ. ಸಾಹೇಬನಿಗೆ ಹಾಗೆಂದು ಹೇಳಿದರೆ, ಪತ್ರ ಸಿಗುವುದಿಲ್ಲ ಎಂಬುದಕ್ಕೆ ಅದೇ ವ್ಯಾಪಾರಿಯಿಂದ ಪತ್ರ ತನ್ನಿ ಎಂದ. ಆಮೇಲೆ ಕಾರಿನ ದೀಪದ ಬೆಳಕು ಯಾವ ಕಡೆ ಓರೆಯಾಗಿ ಬೀಳುತ್ತದೆ ಎಂದು ಗೋಡೆಗೆ ಬಿಟ್ಟು ನೋಡಿದರು. ಅದು ಇಲ್ಲಿನ ರಸ್ತೆಗೆ ತಪ್ಪು ಕಡೆ ಬೀಳುತ್ತದಂತೆ. ಬೆಳಕಿಗೂ ಪೌರತ್ವ ಇದೆ ಎಂದು ನನಗೆ ಗೊತ್ತಾದದ್ದು ಅಂದೇ. ಇದನ್ನೆಲ್ಲ ಭಾವ ಹಲ್ಲು ಕಚ್ಚಿ ಸಹಿಸಿದರು. ದೀಪ ಬದಲಾಯಿಸಿದರು, ಪತ್ರ ಇಲ್ಲವೆಂಬ ಪತ್ರವನ್ನೂ ತಂದರು. ಆಮೇಲೆ ಬಂತು ಬ್ರಹ್ಮಾಸ್ತ್ರ.

ವಾಸಕ್ಕೆ ಬರುವವರು ತಾವು ಒಂದು ವರ್ಷವಾದರೂ ಬಳಸಿದ ವಾಹನವನ್ನು ತರಬಹುದು ಎನ್ನುತ್ತದೆ ಇಲ್ಲಿನ ಕಾನೂನು. ಕಲಮು ಸಾಹೇಬ ಕನ್ನಡಕ ಏರಿಸಿ ಕೇಳಿದ, "ಇದು ಬಳಸಿದ್ದಾ?"

"ದಿನಾ ಬಳಸಿದೀವಿ ಸಾರ್" ಎಂದರು ಭಾವ.

"ಮೀಟರ್ ಹಾಗೆ ಹೇಳಲ್ಲ. ನಿಮ್ಮ ಹೆಸರಿಗೆ ಬಂದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ಇದು ಮಾರೋಕೆ ತಂದ ಮಾಲು."

"ಓಡಿಸಿಲ್ಲ ಸಾರ್. ಕೂತಿದೀವಿ."

"ಕೂತಿದ್ದು ಬಳಕೆ ಅಲ್ಲ."

"ಹಾಗಾದ್ರೆ ಹೊಸದು ಅಂತ ಬರ್ಕೊಳ್ಳಿ" ಎಂದೆ ನಾನು.

"ಹೊಸದಕ್ಕೆ ತಯಾರಾದ ವರ್ಷ ಈ ವರ್ಷ ಇರ್ಬೇಕು. ಇದು ಹಳೇದು."

"ಹಳೇದು, ಆದ್ರೆ ಬಳಸಿದ್ದಲ್ಲ. ಬಳಸಿಲ್ಲ, ಆದ್ರೆ ಹೊಸದಲ್ಲ. ಮತ್ತೆ ಇದೇನು ಸ್ವಾಮಿ?"

"ಅದನ್ನೇ ನಾನೂ ಕೇಳ್ತಿರೋದು" ಎಂದ ಸಾಹೇಬ, ಕಿಟಕಿಯಿಂದಾಚೆ ಬೆರಳು ಮಾಡಿದ. ಅಂಗಳದ ಮೂಲೆಯಲ್ಲಿ ಯಾರದೋ ಕಾರನ್ನು ಜಜ್ಜಿ ಟ್ರಂಕಿನಷ್ಟು ಮಾಡಿ ಇಟ್ಟಿದ್ದರು. ತಿಂಗಳೊಳಗೆ ತೀರ್ಮಾನವಾಗದಿದ್ದರೆ ನಮ್ಮದಕ್ಕೂ ಅದೇ ಗತಿ.

ಪಕ್ಕದ ಬೆಂಚಿನಲ್ಲಿದ್ದ ಅಕ್ಕ ಎದ್ದಳು. ಇಂಜೆಕ್ಷನ್ನಿಗೆ ಹೆದರಿ ಓಡುವ ಪೈಲ್ವಾನರನ್ನು ಹಿಡಿದು ಮಲಗಿಸಿದ ಕೈ ಅದು. "ಬನ್ನಿ ತೋರಿಸ್ತೀನಿ. ಒಂಬತ್ತು ವರ್ಷ ಕೂತಿದೀನಿ, ಗುರುತಿಲ್ದೆ ಎಲ್ಲಿಗೆ ಹೋಗುತ್ತೆ?" ಎಂದು ಸಾಹೇಬನನ್ನೂ ಎಬ್ಬಿಸಿಕೊಂಡು ಅಂಗಳಕ್ಕೆ ನಡೆದಳು. ಕಾರಿನ ಬಾಗಿಲು ತೆಗೆದು ಪ್ಲಾಸ್ಟಿಕ್ಕನ್ನು ಪರ್ರನೆ ಹರಿದಳು. ಭಾವ ಕಣ್ಣು ಮುಚ್ಚಿಕೊಂಡರು.

ಒಳಗಿನ ತೊಗಲು ಹೊಲಿದ ದಿನದಂತೆಯೇ ಇತ್ತು. ಒಂದು ಸುಕ್ಕಿಲ್ಲ, ಒಂದು ಕುಳಿಯಿಲ್ಲ.

ಸಾಹೇಬ ಬಗ್ಗಿ, ಬೆರಳಿನಿಂದ ಒತ್ತಿ ನೋಡಿ, "ಕೆಲಸ ಚೆನ್ನಾಗಿ ಮಾಡಿದೀರಿ" ಎಂದ. ಕೆಲಸ ಹೊಗಳಿಸಿಕೊಂಡು ಭಾವನ ಮುಖ ಬಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಚೇರಿಗೆ ವಾಪಸು ಬಂದಾಗ ಅಕ್ಕನ ಸಿಟ್ಟು ನೆತ್ತಿಗೇರಿತ್ತು. "ಸಾರ್, ಕೂರೋದು ಬಳಕೆ ಅಲ್ಲ ಅಂದ್ರೆ ಬೆಳಗಿಂದ ನೀವು ಆ ಕುರ್ಚಿಗೆ ಏನು ಮಾಡ್ತಿದೀರಾ?"

"ಅದು ಕುರ್ಚಿ. ಕುರ್ಚಿಗೆ ಕೂರೋದೇ ಬಳಕೆ. ವಾಹನಕ್ಕೆ ಓಡೋದು."

"ಹಾಗಾದ್ರೆ ಇದನ್ನೂ ಕುರ್ಚಿ ಅಂತ ಬರ್ಕೊಂಡು ಬಿಡಿ, ಪುಣ್ಯ ಬರುತ್ತೆ."

ಅಕ್ಕ ಚುಚ್ಚಲು ಆಡಿದ ಮಾತು. ಆದರೆ ವ್ಯಂಗ್ಯಕ್ಕೆ ಯಾವ ಕಲಮೂ ಇಲ್ಲವಲ್ಲ, ಸಾಹೇಬ ಅದನ್ನು ಮನವಿ ಎಂದೇ ತೆಗೆದುಕೊಂಡ. ಪುಟ ತಿರುವಿದ, ತುಟಿ ಅಲ್ಲಾಡಿಸಿದ. "ಆಗಬಹುದು. ಮನೆಬಳಕೆಯ ಪೀಠೋಪಕರಣ, ಇಬ್ಬರು ಕೂರುವಂಥದ್ದು. ಅದಕ್ಕೆ ಅಡ್ಡಿಯಿಲ್ಲ. ಆದರೆ ಪೀಠೋಪಕರಣಕ್ಕೆ ಇಂಜಿನ್ ಇರುವಂತಿಲ್ಲ. ಇಲ್ಲೇ ತೆಗೆಸಬೇಕು."

ಅಕ್ಕ ತಣ್ಣಗಾದಳು. ಭಾವನ ಕಡೆ ತಿರುಗಿ, "ರೀ, ನಾನು ತಮಾಷೆಗೆ ಅಂದೆ" ಎಂದಳು. ಒಂದು ಕಡೆ ಜಜ್ಜುವ ಯಂತ್ರ, ಇನ್ನೊಂದು ಕಡೆ ಇಂಜಿನ್ ಇಲ್ಲದ ಕಾರು. ಆಸ್ಪತ್ರೆಯಿಂದ ಬಂದು ಕೂರುವ ಜಾಗ ಉಳಿಯಬೇಕಾದರೆ ಓಡಿಸುತ್ತೇನೆಂಬ ಮಾತನ್ನು ನುಂಗಬೇಕು. ಕೊನೆಗೆ ಭಾವ, ಮೊಳೆ ಇಲ್ಲದಿದ್ದರೂ ಬಾಯಿಯ ಮೂಲೆಯಿಂದಲೇ, "ಸೀಟು ಉಳೀಲಿ" ಎಂದು ಸಹಿ ಹಾಕಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಸಾಹೇಬ ಸಹಿಯ ಮೇಲೆ ಊದಿ ಒಣಗಿಸಿ, "ಇನ್ನೊಂದಿದೆ" ಎಂದ. "ಓಡೋ ಗಾಡಿನ ಓಡದ ಹಾಗೆ ಮಾಡಿದೀವಿ ಅಂತ ನಾನು ದೃಢೀಕರಿಸ್ಬೇಕು. ಅದಕ್ಕೆ ಮೊದಲು ಅದು ಓಡುತ್ತೆ ಅಂತ ಕಣ್ಣಾರೆ ನೋಡ್ಬೇಕು. ಅಂಗಳದಲ್ಲಿ ಆ ದೀಪದ ಕಂಬ ಬಳಸ್ಕೊಂಡು ಬನ್ನಿ."

ಅಕ್ಕನ ಬೆರಳು ನಿಂತಿತು. "ಏನಂದ್ರಿ?"

"ಕಂಬ ಬಳಸಿ ಬನ್ನಿ ಅಂದೆ."

"ಎಷ್ಟು ಸಲ?"

ಸಾಹೇಬ ಪುಸ್ತಕ ನೋಡಿದ. "ಎಷ್ಟು ಸಲ ಅಂತ ಹೇಳಿಲ್ಲ."

ಹೀಗೆ ಸುಂಕದ ಅಂಗಳದಲ್ಲಿ, ತುಕ್ಕು ಹಿಡಿದ ಕಂಟೇನರುಗಳ ಕೋಟೆಯ ನಡುವೆ, ಆ ಕೆಂಪು ಕಾರು ಗುಡುಗಿತು. ಸಿಮೆಂಟಿನ ನೆಲ, ಒಂದೇ ಒಂದು ಹಂಪ್ ಇಲ್ಲ. ಭಾವ ನೆಟ್ಟಗೆ ಕೂತು ಹಲ್ಲಿ ಹಿಡಿಯುವವರಂತೆ ಸ್ಟಿಯರಿಂಗ್ ಹಿಡಿದಿದ್ದರು. ಮೊದಲ ಸುತ್ತು ಮದುವೆ ದಿಬ್ಬಣದ ವೇಗ. ಎರಡನೆಯದಕ್ಕೆ ಅಕ್ಕ ಗಾಜು ಇಳಿಸಿದಳು. ಆಮೇಲೆ ಸುತ್ತುಗಳನ್ನು ಯಾರೂ ಎಣಿಸಲಿಲ್ಲ. ಕೂಲಿಯವರು ಹೊರೆ ಇಳಿಸಿ ನಿಂತರು. ಕಾರು ನಮ್ಮ ಮುಂದೆ ಹಾದುಹೋದಾಗಲೆಲ್ಲ ಅಕ್ಕನ ದನಿ ಒಂದೊಂದು ತುಂಡು ಕೇಳುತ್ತಿತ್ತು. "ಇನ್ನೂ ಸ್ವಲ್ಪ..." "ಬ್ರೇಕ್ ಯಾಕೆ ಹಿಡೀತೀರಿ..." "ನಿಮ್ಮಮ್ಮ ನೋಡ್ಬೇಕಿತ್ತು..." ಸಾಹೇಬ ಕೈ ಅಡ್ಡ ಹಿಡಿದು, ಸೀಟಿ ಊದಿ, ಕೊನೆಗೆ ತಾನೇ ಕಂಬದ ಪಕ್ಕಕ್ಕೆ ಓಡಿದ ಮೇಲೆ ಗಾಡಿ ನಿಂತಿತು.

ಅಕ್ಕ ತಲೆ ಹೊರಗೆ ಹಾಕಿದಳು. ಕೂದಲೆಲ್ಲ ಕೆದರಿತ್ತು. "ಈಗ ಬಳಸಿದ್ದಾಯ್ತಲ್ಲ ಸಾರ್. ಬಳಸಿದ ಕಾರು ಅಂತ ಬರ್ಕೊಳ್ಳಿ."

"ಒಂದು ವರ್ಷ ಬಳಸಿರ್ಬೇಕಮ್ಮ."

"ನಾವು ಬಳಸ್ತಾ ಇರ್ತೀವಿ" ಎಂದರು ಭಾವ. "ವರ್ಷ ಆದಾಗ ನೀವು ಕೈ ಎತ್ತಿ."

ಅವನು ಕೈ ಎತ್ತಲಿಲ್ಲ, ಇಂಜಿನ್ ಎತ್ತಿಸಿದ. ಸರಪಳಿಯಲ್ಲಿ ತೂಗುತ್ತ ಅದು ಹೊರಬಂದಾಗ ಅಕ್ಕ ಬೆನ್ನು ತಿರುಗಿಸಿ ನಿಂತಿದ್ದಳು. ಹೊರಡುವ ಮುನ್ನ ಸಾಹೇಬ ಸಂಕೋಚದಿಂದ ಭಾವನನ್ನು ಕೇಳಿದ, "ನೀವು ಸೀಟಿನ ಕೆಲಸದವರಲ್ವಾ, ನನ್ನ ಈ ಕುರ್ಚಿ ಸ್ವಲ್ಪ..."

"ಹೊಸದಾ, ಬಳಸಿದ್ದಾ?" ಎಂದು ಕೇಳಿದ ಭಾವ ಉತ್ತರಕ್ಕೆ ಕಾಯಲಿಲ್ಲ. ಜನ್ಮದಲ್ಲಿ ಅವರು ರಿಪೇರಿ ಮಾಡಲು ನಿರಾಕರಿಸಿದ ಕುರ್ಚಿ ಅದೊಂದೇ.

ಇಂಜಿನ್ ಇನ್ನೂ ಬಂದರಿನ ಗೋದಾಮಿನಲ್ಲಿ ಟಾರ್ಪಾಲಿನ ಕೆಳಗಿದೆ. ಅದನ್ನು ಗುಜರಿಗೆ ಹಾಕಲು ಒಪ್ಪಿಗೆ ಕೇಳಿ ಪತ್ರ ಬರುತ್ತಲೇ ಇರುತ್ತದೆ. ಭಾವ ಉತ್ತರವನ್ನೇ ಬರೆಯುವುದಿಲ್ಲ. ಕಾರು ಅವರ ಬಾಡಿಗೆ ಮನೆಯ ಗ್ಯಾರೇಜಿನಲ್ಲಿದೆ, ಕಾನೂನಿನ ಪ್ರಕಾರ ಸೋಫಾ ಆಗಿ. ಇಲ್ಲಿ ಅತ್ತೆ ಇಲ್ಲ, ವಾರಗಿತ್ತಿಯರಿಲ್ಲ, ಮೂರು ಕೋಣೆ ಖಾಲಿ ಬಿದ್ದಿವೆ. ಆದರೂ ಸಂಜೆ ಇಬ್ಬರೂ ಅದರೊಳಗೇ ಇರುತ್ತಾರೆ. ಮೊನ್ನೆ ನಾನು ಹೋಗಿ ಗಾಜು ತಟ್ಟಿ, "ನಾನೆಲ್ಲಿ ಕೂತ್ಕೊಳ್ಳಲಿ?" ಎಂದೆ.

"ನಿಂತ್ಕೋ" ಎಂದಳು ಅಕ್ಕ.

ಸೀಟಿನ ಮೇಲೆ ಪ್ಲಾಸ್ಟಿಕ್ ಇರಲಿಲ್ಲ. ಹೊಸದು ಹೊದಿಸಲಿಲ್ಲವೇ ಎಂದು ಭಾವನನ್ನು ಕೇಳಿದೆ. ಅವರು ಬಾಯಿಯಿಂದ ಮೊಳೆ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು, "ನಿಮ್ಮಕ್ಕ ಬಿಡಲ್ಲ" ಎಂದರು.

"ಈ ಸಲ ಗುರುತು ಬೀಳಲಿ" ಎಂದು ಅಕ್ಕ ಸೀಟಿನಲ್ಲಿ ಇನ್ನೂ ಸ್ವಲ್ಪ ಭಾರವಾಗಿ ಕೂತಳು. "ವರ್ಷ ಆಗಲಿ, ಆ ಕಲಮು ಸಾಹೇಬನ್ನ ಕರೆದು ತೋರಿಸ್ತೀನಿ."