ಅತ್ತೆಯ ಚಂದ್ರಿಕೆಗೆ ಗುದ್ದಿದ ನನ್ನ ಎಲೆಕ್ಟ್ರಿಕ್ ಬೈಕು

ಆಕ್ಸಿಲರೇಟರ್ ತಿರುಗಿಸಿದ್ದಷ್ಟೇ ನೆನಪು. ಬೈಕು ನನ್ನ ಕೈ ತಪ್ಪಿಸಿಕೊಂಡು ಸೀದಾ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಅತ್ತೆಯ ಚಂದ್ರಿಕೆಗಳಿಗೆ ನುಗ್ಗಿತ್ತು!

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂರ್ತಿ ಬೆಳೆದು ಹಣ್ಣಾದ ಹುಳು ಗೂಡು ಕಟ್ಟಲಿ ಅಂತ ಬಿಡುವ ದೊಡ್ಡ ಬಿದಿರಿನ ತಟ್ಟಿಯೇ ಚಂದ್ರಿಕೆ. ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ ಬೆಳೆ, ಆ ಹೊತ್ತಿನಲ್ಲಿ ಅದನ್ನು ಅಲುಗಾಡಿಸಲೂಬಾರದು.

ನಾನು ಸಾಲಿಗೆ ಸಾಲೇ ಮಗುಚಿ ಹಾಕಿದ್ದೆ.

ಈ ಬೈಕು ಮೊದಲು ಎಲೆಕ್ಟ್ರಿಕ್ ಆಗಿರಲಿಲ್ಲ. ಮದುವೆಗೆ ಮುಂಚೆ ಚನ್ನಪಟ್ಟಣದಲ್ಲಿ ನಾನೇ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಹಳೇ ಟೂ ಸ್ಟ್ರೋಕ್ ಗಾಡಿ. ಅದರ ಸದ್ದು, ಅದರ ವಾಸನೆ... ಅಯ್ಯೋ, ಹುಚ್ಚು ನನಗೆ! ಕನಕಪುರದ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ಬೈಕೂ ಜೊತೆಗೇ ಬಂತು.

ಬಂದ ಮೇಲೆ ಗೊತ್ತಾಯಿತು, ಹುಳು ಇರುವ ಮನೆಗೆ ಹೊಗೆ ಆಗಿಬರುವುದಿಲ್ಲ. ಅಂಗಳದಲ್ಲಿ ಬೀಡಿ ಹಚ್ಚಿದವರನ್ನೂ ಅತ್ತೆ ಬೀದಿಗೆ ಅಟ್ಟುತ್ತಾರೆ. ಇನ್ನು ನನ್ನ ಬೈಕು ಬುಸ್ಸೆಂದು ನೀಲಿ ಹೊಗೆ ಉಗುಳಿದರೆ ಬಿಟ್ಟಾರಾ?

ಹುಳು ಇರುವಷ್ಟು ದಿನ ಅದನ್ನು ಮೇನ್ ರೋಡಿನವರೆಗೂ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಬೇಕಿತ್ತು. ಕೆಲಸಕ್ಕೆ ಹೊರಟವಳು, ಸೀರೆ ಎತ್ತಿ ಕಟ್ಟಿಕೊಂಡು, ಬೆವರು ಸುರಿಸಿಕೊಂಡು...

ಹೋದ ವರ್ಷ ಒಂದು ಬೆಳೆ ಪೂರ್ತಿ ಕೈಕೊಟ್ಟಿತು. ರೋಗವೋ, ಸೆಕೆಯೋ, ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅವತ್ತು ಅತ್ತೆ ಬಾಗಿಲಲ್ಲಿ ನಿಂತು ಕಡ್ಡಿ ಮುರಿದಂತೆ ಹೇಳಿದರು.

"ನೋಡಮ್ಮಿ, ಈ ಮನೇಲಿ ಹುಳ ಇರ್ಬೇಕು, ಇಲ್ಲ ಆ ಹೊಗೆ ಗಾಡಿ ಇರ್ಬೇಕು. ಎಲ್ಡೂ ಆಗಕಿಲ್ಲ."

ಮಾರಲು ಮನಸ್ಸು ಬರಲಿಲ್ಲ. ಎಲೆಕ್ಟ್ರಿಕ್ ಮೋಟರ್ ಹಾಕಿಸೋಣ ಅಂದಿದ್ದು ನನ್ನ ಗಂಡ ಕುಮಾರ. ಒಪ್ಪಿಗೆ ಇರುವ ಕಿಟ್ ಯಾವುದು, ಆರ್‌ಟಿಓದಲ್ಲಿ ಏನು ಕೇಳುತ್ತಾರೆ, ಆರ್‌ಸಿ ಹೇಗೆ ಬದಲಾಗುತ್ತೆ... ಅಲೆದೂ ಅಲೆದೂ ಚಪ್ಪಲಿ ಸವೆಯಿತು.

ಇಂಜಿನ್ ಇಳಿಸಿದ ದಿನ ಗ್ಯಾರೇಜಿನಲ್ಲೇ ಅತ್ತುಬಿಟ್ಟೆ. ನಗಬೇಡಿ.

ಗಾಡಿ ರೆಡಿಯಾಗಿ ಬಂತು ಅಂತ ಗೊತ್ತಾಗಿ, ನಮ್ಮ ರೈಡಿಂಗ್ ಗ್ರೂಪಿನ ಶಿವು ಮಾಗಡಿಯಿಂದ ನೋಡಲು ಬಂದ. ಓಡಿಸಿಕೊಂಡು ಒಂದು ರೌಂಡ್ ಹೊಡೆದು ಬಂದು ತುಟಿ ಸೊಟ್ಟ ಮಾಡಿದ.

"ಸದ್ದೇ ಇಲ್ವಲ್ಲಕ್ಕಾ! ನಮ್ಮನೆ ಮಿಕ್ಸಿನಾದ್ರೂ ಒಸಿ ಗುರ್ ಅಂತೈತೆ."

ನನಗೆ ಉರಿದುಹೋಯಿತು. ಹಳೇ ಚಾಳಿ ನೋಡಿ, ಯಾರಾದರೂ ಕೆಣಕಿದರೆ ನಿಂತಲ್ಲೇ ಗಾಡಿ ರೇಸ್ ಮಾಡಿ ತೋರಿಸುವುದು. ಹಳೇ ಬೈಕಿನಲ್ಲಿ ನ್ಯೂಟ್ರಲ್ ಇತ್ತು, ಇದರಲ್ಲಿ ಎಲ್ಲಿಂದ ಬರಬೇಕು? ಕೀ ಆನ್ ಇರುವುದೇ ಮರೆತು, ಪಕ್ಕದಲ್ಲಿ ನಿಂತುಕೊಂಡೇ ಪೂರ್ತಿ ತಿರುಗಿಸಿದೆ.

ಆಮೇಲೆ ಆಗಿದ್ದು ನಿಮಗೆ ಗೊತ್ತೇ ಇದೆ.

ಅತ್ತೆ ಒಳಗಿಂದ ಓಡಿಬಂದರು. ಇವತ್ತಿಗೆ ಈ ಬೈಕಿನ ಋಣ ಮುಗಿಯಿತು ಅಂದುಕೊಂಡೆ.

ಅವರು ನನ್ನ ಮುಖ ಕೂಡ ನೋಡಲಿಲ್ಲ. "ಯಾರೂ ಕಾಲಿಕ್ಬ್ಯಾಡಿ, ಹುಳ ತುಳ್ದುಬುಟ್ಟೀರಾ!" ಅಂತ ಕೂಗಿ, ಪಕ್ಕದ ಮನೆಗಳ ಕಡೆ ತಿರುಗಿ, "ಬನ್ರಮ್ಮೀ, ಹುಳ ಬಿದ್ದೋದೋ!" ಅಂದರು.

ಒಲೆ ಮೇಲೆ ಇಟ್ಟಿದ್ದನ್ನು ಇಟ್ಟಲ್ಲೇ ಬಿಟ್ಟು ಬಂದರು ಕಣ್ರೀ ಬೀದಿಯ ಹೆಂಗಸರೆಲ್ಲ! ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹುಳುವನ್ನು ಹೂವಿನ ಹಾಗೆ ಎತ್ತಿ ಬೇರೆ ಚಂದ್ರಿಕೆಗೆ ಬಿಟ್ಟರು. ಶಿವು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅವರ ನಡುವೆ ಮಂಡಿಯೂರಿ ಕೂತಿದ್ದ.

ಒಂದಷ್ಟು ಹುಳು ಹೋದವು. ಆದರೆ ಬೆಳೆ ಉಳಿಯಿತು. ಆ ತಾಯಂದಿರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಸಂಜೆ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತು, ಮಾರಿಬಿಡುತ್ತೇನೆ ಅಂದೆ.

"ಮಾರೋದ್ಯಾಕೆ? ಹೊಗೆ ಇಲ್ಲ, ವಾಸ್ನೆ ಇಲ್ಲ, ನಮ್ ಹುಳಕ್ಕೆ ಅದ್ರಿಂದೇನು ತೊಂದ್ರೆ?" ಅಂದರು. "ಬುದ್ಧಿ ಇಲ್ದಿದ್ದು ನಿಂಗೆ ಕಣಮ್ಮಿ, ಗಾಡಿಗಲ್ಲ."

ಅಬ್ಬಾ! ಅಷ್ಟು ಸಿಹಿಯಾದ ಬೈಗುಳ ನಾನು ಜೀವನದಲ್ಲಿ ತಿಂದಿಲ್ಲ.

ಬೈಕ್ ಹುಚ್ಚಿರುವವರು ಕೇಳುತ್ತಿರುತ್ತೀರಿ, ಕನ್ವರ್ಷನ್ ಮಾಡಿಸಬಹುದಾ ಅಂತ. ಸತ್ಯ ಹೇಳುತ್ತೇನೆ. ಆ ಸದ್ದು ಈಗಲೂ ಮಿಸ್ ಆಗುತ್ತೆ, ಗೇರ್ ಹುಡುಕಿಕೊಂಡು ಕಾಲು ಸುಮ್ಮಸುಮ್ಮನೆ ಅಲ್ಲಾಡುತ್ತೆ. ರಾಮನಗರಕ್ಕೆ ಹೋಗಿ ಬರಲು ಚಾರ್ಜ್ ಧಾರಾಳ ಸಾಕು, ಹಾಗೇ ಕಬ್ಬಾಳಿಗೂ ಹೋಗಿ ಬರೋಣ ಅಂದರೆ ಯೋಚಿಸಬೇಕು. ಬರೀ ಶೋಕಿಗೆ ಆದರೆ ಬೇಡ. ಬಿಡಲಾರದ ಗಾಡಿ ಒಂದಿದ್ದರೆ, ಮಾಡಿಸಿ.

ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಕುಮಾರ ಆ ಗೂಡನ್ನೆಲ್ಲ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ರಾಮನಗರದ ರೇಷ್ಮೆ ಮಾರ್ಕೆಟ್ಟಿಗೆ ಹೊರಟ. ಅತ್ತೆ ಆಟೋ ಹತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದು ಬೈಕಿನಲ್ಲಿ ನನ್ನ ಹಿಂದೆ ಕೂತು, "ನಡಿ" ಅಂದರು.

ದಾರಿಯುದ್ದಕ್ಕೂ ಮಾತು. ಮಾವನ ವಿಷಯ, ಮೊದಲ ಬೆಳೆಯ ವಿಷಯ, ಯಾರದೋ ಮದುವೆಯ ಜಗಳ. ಗಾಡಿಗೆ ಸದ್ದಿಲ್ಲವಲ್ಲ, ಕೂಗಿ ಹೇಳುವ ಅಗತ್ಯವೇ ಇಲ್ಲ, ಒಂದೊಂದು ಮಾತೂ ಸ್ಪಷ್ಟ.

ವಾಪಸ್ ಬರುವಾಗ ಖಾಲಿ ರಸ್ತೆಯಲ್ಲಿ ನನ್ನ ಭುಜ ತಟ್ಟಿದರು. "ಒಸಿ ನಿಲ್ಸು. ಸಣ್ಣೋಳಿದ್ದಾಗ ಸೈಕಲ್ ಹೊಡೀಬೇಕು ಅಂತ ಬೋ ಆಸೆ ಇತ್ತು, ನಮ್ಮಪ್ಪ ಬುಡ್ನಿಲ್ಲ. ಇದುನ್ನ ನಂಗೂ ಕಲಿಸ್ಕೊಡ್ತೀಯಾ?"

ಇಷ್ಟು ವರ್ಷ ಅವರು ಬೈದಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು, ಅವರಿಗೇನು ಆಸೆ ಇದೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ... ನಿಮ್ಮ ಮನೆಯಲ್ಲಿ ನೀವು ಕೇಳಿದ್ದೀರಾ?