ಅಂಗೈ ಕ್ಯಾಮರಾಕ್ಕೆ ಕಾಣುತ್ತಿರಬೇಕು

ಜೆ.ಪಿ. ನಗರದ ನೂರಿಪ್ಪತ್ತು ಮನೆಗಳ ಅಪಾರ್ಟ್‌ಮೆಂಟೊಂದರಲ್ಲಿ ಭಾಗ್ಯಜ್ಯೋತಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಅವಳ ಎಂಟು ವರ್ಷದ ನೌಕರಿಯಲ್ಲಿ ಮೂವರು ಮ್ಯಾನೇಜರುಗಳು ಬಂದು ಹೋದರು. ಲಿಫ್ಟ್ ಕೆಟ್ಟರೆ ಯಾರಿಗೆ ಫೋನು, ಯಾವ ಮಹಡಿಯ ಪೈಪು ಯಾವಾಗ ಕೈಕೊಡುತ್ತದೆ ಎಂದು ಮೂವರಿಗೂ ಕೆಲಸ ಕಲಿಸಿದವಳು ಇವಳೇ. ಸಂಬಳ ಮಾತ್ರ ಅವರದು ದೊಡ್ಡದು, ಯಾಕೆಂದರೆ ಅವರ ಹತ್ತಿರ ಡಿಗ್ರಿ ಇತ್ತು. ಮೂರನೆಯವನೂ ಬಿಟ್ಟು ಹೊರಟಾಗ ಅಸೋಸಿಯೇಷನ್ ಕಾರ್ಯದರ್ಶಿ ಚಿದಾನಂದ್ ಅವಳನ್ನು ಕರೆದರು. "ನೋಡಿ ಭಾಗ್ಯಾ, ಜೂನ್ ಒಳಗೆ ನಿಮ್ ಡಿಗ್ರಿ ಮುಗೀತು ಅಂದ್ರೆ ಆ ಕುರ್ಚಿ ನಿಮ್ದು. ಆಮೇಲೆ ನನ್ ಕೈಲೂ ಏನೂ ಆಗಲ್ಲ."

ಆಗಲೇ ಅವಳು ಆನ್‌ಲೈನ್ ಬಿ.ಕಾಂ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ನಲವತ್ತೊಂದನೇ ವಯಸ್ಸಿನಲ್ಲಿ, ಬಿಟಿಎಂನಿಂದ ಹೊರಡುವ ಬಸ್ಸಿನಲ್ಲಿ ನಿಂತುಕೊಂಡೇ ಕಿವಿಗೆ ಪಾಠ ಹಾಕಿಕೊಂಡು ಐದು ಸೆಮಿಸ್ಟರ್ ದಾಟಿದ್ದಳು. ಉಳಿದಿದ್ದು ವ್ಯವಹಾರ ಕಾನೂನಿನ ಒಂದು ಪೇಪರು. ತಪ್ಪಿದರೆ ಮತ್ತೆ ಡಿಸೆಂಬರ್, ಅಷ್ಟರಲ್ಲಿ ಕುರ್ಚಿಯಲ್ಲಿ ನಾಲ್ಕನೆಯವನು ಕೂತಿರುತ್ತಾನೆ.

ಭಾನುವಾರ ಬೆಳಿಗ್ಗೆ ಗಂಡ ಸಿದ್ದಾರೂಢನನ್ನೂ ಅತ್ತೆ ರೇಣವ್ವನನ್ನೂ ಮಗಳನ್ನೂ ಮಡಿವಾಳದ ಮಾರ್ಕೆಟ್ಟಿಗೆ ಅಟ್ಟಿದಳು. "ಒಂದು ಗಂಟೆ ಹೊಡಿಯೂತನಕ ಬಾಗಿಲ ಬಡೀಬ್ಯಾಡ್ರಿ. ಒಂದು ದನಿ ಕೇಳಿದ್ರೂ ಪರೀಕ್ಷಾ ರದ್ದು ಮಾಡ್ತಾರ." ನವಲಗುಂದ ಬಿಟ್ಟು ಹದಿನೈದು ವರ್ಷವಾದರೂ ಮನೆಯೊಳಗಿನ ಮಾತು ಅಲ್ಲಿಯದೇ. ಆಮೇಲೆ ಫ್ಯಾನು ಸದ್ದು ಮಾಡುತ್ತದೆಂದು ಅದನ್ನೂ ಆರಿಸಿದಳು. ಸೆಖೆ ಎಂದು ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಎಲ್ಲೋ ಕೂತ ಮೇಲ್ವಿಚಾರಕ ಲ್ಯಾಪ್‌ಟಾಪಿನ ಕ್ಯಾಮರಾದಿಂದ ಅವಳನ್ನು ನೋಡುತ್ತಿದ್ದ. ಅವನ ಮುಖ ಕಾಣುವುದಿಲ್ಲ, ದನಿ ಮಾತ್ರ. ಟಿಕ್ ಮಾಡುವ ನಲವತ್ತು ಪ್ರಶ್ನೆ ಸಲೀಸಾಗಿ ಮುಗಿದವು. ಉದ್ದುದ್ದ ಬರೆಯುವ ನಾಲ್ಕರಲ್ಲಿ ಮೊದಲನೆಯದಕ್ಕೇ ತಲೆ ಖಾಲಿಯಾಯಿತು. ಅಂಥ ಹೊತ್ತಿನಲ್ಲಿ ಅವಳ ಎಡಗೈ ತಾನಾಗಿ ಎದೆಗೆ ಹೋಗುತ್ತದೆ. ಅಲ್ಲಿ ಶಿವದಾರದ ತುದಿಗೆ ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ಐದು ಸೆಮಿಸ್ಟರು ಸೆರಗಿನ ಮರೆಯಲ್ಲಿ ಹಿಡಿದುಕೊಂಡೇ ಬರೆದಿದ್ದಳು, ಯಾರಿಗೂ ಕಂಡಿರಲಿಲ್ಲ. ಇವತ್ತು ಸೆರಗಿಲ್ಲ.

ಪರದೆ ಗಕ್ಕನೆ ನಿಂತಿತು. ಇಂಗ್ಲಿಷಿನಲ್ಲಿ ದನಿ ಬಂತು: "ಕತ್ತಿನಲ್ಲಿರುವ ಸಾಧನ ತೆಗೆಯಿರಿ."

ಅದು ಸಾಧನವಲ್ಲ, ದೇವರು ಎಂದು ತನಗೆ ಬರುವ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದಳು.

"ಮುಚ್ಚಿದ ಲೋಹದ ಡಬ್ಬಿ ಮೈಮೇಲೆ ಇರಕೂಡದು. ತೆಗೆದು ಕೋಣೆಯ ಹೊರಗಿಡಿ. ಇಲ್ಲದಿದ್ದರೆ ಪರೀಕ್ಷೆ ರದ್ದು."

ಲಿಂಗ ಮೈಯಿಂದ ದೂರವಾಗಕೂಡದು. ಅವಳ ಮನೆತನದಲ್ಲಿ ಇದು ಉಸಿರಾಟದಷ್ಟೇ ಸಹಜ. ಮಗಳು ಹುಟ್ಟುವಾಗ ತನಗೆ ಆಪರೇಷನ್ ಮಾಡಿದಾಗಲೂ ನರ್ಸಮ್ಮನನ್ನು ಕಾಡಿ ಬೇಡಿ ತೋಳಿಗೆ ಬ್ಯಾಂಡೇಜಿನಲ್ಲಿ ಕಟ್ಟಿಸಿಕೊಂಡಿದ್ದಳು. ಈಗ ಹೊರಗಿಡಬೇಕಂತೆ, ಚಪ್ಪಲಿ ಬಿಡುವ ಜಾಗದಲ್ಲಿ! ಮೈಯೆಲ್ಲ ಉರಿಯಿತು. ಆದರೆ ಪರದೆಯ ಮೂಲೆಯಲ್ಲಿ ಗಡಿಯಾರ ನಿಂತಿರಲಿಲ್ಲ. ಒಂದು ಗಂಟೆ ನಲವತ್ತು ನಿಮಿಷ ಉಳಿದಿತ್ತು.

ಅವಳು ಕರಡಿಗೆಯ ಮುಚ್ಚಳ ತಿರುಗಿಸಿ ತೆಗೆದಳು. ಗಂಡನ ಕಣ್ಣಿಗೂ ಬೀಳಗೊಡದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಗುರುತಿಲ್ಲದ ಯಾರಿಗೋ ಹಿಡಿದು ತೋರಿಸಿದಳು. ನಾಚಿಕೆಯಿಂದ ಕಣ್ಣು ತುಂಬಿ ಬಂತು.

"ಡಬ್ಬಿ, ದಾರ ಹೊರಗಿಡ್ತೀನಿ ಸಾರ್. ಇದು ಕೈಲೇ ಇರುತ್ತೆ. ನೀವು ನೋಡ್ತಾನೇ ಇರಿ."

"ಕಾಯಿರಿ. ಮೇಲಿನವರನ್ನು ಕೇಳಬೇಕು."

ಅವನನ್ನು ಬೈಯುವುದು ಸುಲಭ. ಅವನ ಎದುರು ಇನ್ನೂ ಹತ್ತು ಮುಖಗಳಿದ್ದವೋ ಏನೋ, ಅವನಿಗೂ ಒಂದು ನೌಕರಿಯಿತ್ತು. ಆದರೂ ಅವನು ಕೇಳಿಕೊಂಡು ಬರುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ನೀರುಪಾಲಾಗಿತ್ತು. ಅಷ್ಟೂ ಹೊತ್ತು ಭಾಗ್ಯಜ್ಯೋತಿ ಕೈ ಚಾಚಿ ಅಲುಗಾಡದೆ ಕೂತಿದ್ದಳು. ಮೂರು ವರ್ಷದ ಓದು ಇಲ್ಲಿಗೇ ಮುಗಿಯಿತೇನೋ ಎಂದುಕೊಂಡಳು.

"ಸರಿ. ಡಬ್ಬಿ, ದಾರ ಹೊರಗಿಟ್ಟು ಬನ್ನಿ. ಆಮೇಲೆ ಎಡ ಅಂಗೈ ಪೂರ್ತಿ ಕ್ಯಾಮರಾಕ್ಕೆ ಕಾಣುತ್ತಿರಬೇಕು. ಒಮ್ಮೆ ಮರೆಯಾದರೂ ರದ್ದು."

ದಿನಾ ಬೆಳಿಗ್ಗೆ ಪೂಜೆಗೆ ಹತ್ತು ನಿಮಿಷ ಹಾಗೆ ಹಿಡಿಯುತ್ತಿದ್ದ ಕೈ ಅದು. ಈಗ ಎಪ್ಪತ್ತೆಂಟು ನಿಮಿಷ ಹಿಡಿಯಬೇಕು. ಬಲಗೈಯೊಂದರಲ್ಲೇ, ಒಂದೊಂದೇ ಅಕ್ಷರ ಕುಟ್ಟತೊಡಗಿದಳು. ಮೊದಲ ಉತ್ತರ ಮುಗಿಯುವಾಗ ಮೊಣಕೈ ನೋಯುತ್ತಿತ್ತು. ಎರಡನೆಯದರ ನಡುವೆ ತೋಳು ನಡುಗತೊಡಗಿತು. ಲಿಂಗ ಜಾರೀತೆಂದು ಬೆರಳು ಮಡಿಸಿದರೆ, "ಮೇಡಂ, ಅಂಗೈ" ಎನ್ನುವ ದನಿ. ಬಿಚ್ಚಿದರೆ ಬೀಳುವ ಭಯ. ಮೊಣಕಾಲು ಮಡಚಿ ಕುರ್ಚಿಯ ಮೇಲಿಟ್ಟು ಅದಕ್ಕೆ ಕೈ ಆನಿಸಿಕೊಂಡಳು. ಬೆವರು ಕಣ್ಣಿಗಿಳಿದರೂ ಒರೆಸಲು ಕೈ ಬಿಡುವಿರಲಿಲ್ಲ. ಮೂರನೆಯದು ಮುಗಿಯಿತು. ನಾಲ್ಕನೆಯದಕ್ಕೆ ಎರಡು ಸಾಲು ಬಿದ್ದವು, ಮೂರನೆಯ ಸಾಲು ಅರ್ಧಕ್ಕೇ ನಿಂತಿತು, ಹೊತ್ತು ಮುಗಿದಿತ್ತು.

ಪರದೆಯ ಮೇಲೆ ಇಷ್ಟೇ ಬಂತು: ನಿಮ್ಮ ಪರೀಕ್ಷೆ ಪರಿಶೀಲನೆಯಲ್ಲಿದೆ.

ಮುಂದಿನ ಹದಿನೇಳು ದಿನ ಅವಳು ಊಟದ ರುಚಿ ಕಾಣಲಿಲ್ಲ. ಒಂದು ಗುಮಾನಿಯ ಮೇಲೆ ಎಲ್ಲವನ್ನೂ ಹೊಡೆದುಹಾಕಿದರೆ ಯಾರನ್ನು ಕೇಳುವುದು? ಅತ್ತ ಚಿದಾನಂದ್ ಬೇರೊಬ್ಬನನ್ನು ಸಂದರ್ಶನಕ್ಕೆ ಕರೆದಿದ್ದಾರೆಂದು ಗೇಟಿನಲ್ಲಿ ಸುದ್ದಿ.

ಹದಿನೆಂಟನೆಯ ದಿನ, ಜೂನ್ ಇನ್ನೂ ಮುಗಿದಿರಲಿಲ್ಲ, ನೀರಿನ ಟ್ಯಾಂಕರ್ ಬಂದಿತ್ತು. ಭಾಗ್ಯಜ್ಯೋತಿ ಸಂಪಿನ ಹತ್ತಿರ ನಿಂತು ಪೈಪು ಬಿಡಿಸುತ್ತಿದ್ದಾಗ ಫೋನಿಗೆ ಮೇಲ್ ಬಂತು. ತೆರೆಯಲು ಧೈರ್ಯ ಸಾಲದೆ ಮೊದಲು ಪೈಪನ್ನು ಸಂಪಿಗೆ ಇಳಿಬಿಟ್ಟಳು. ತೆರೆದಳು. ವ್ಯವಹಾರ ಕಾನೂನು, ನಲವತ್ತೆರಡು. ನಲವತ್ತಕ್ಕೆ ಪಾಸು.

ಫೋನು ಹಿಡಿದುಕೊಂಡೇ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಟ್ಯಾಂಕರಿನ ಮುತ್ತುರಾಜ ಗಾಬರಿಯಿಂದ ಓಡಿ ಬಂದ.

"ಯಾಕಕ್ಕಾ, ಏನಾಯ್ತು?"

"ಡಿಗ್ರಿ ಪಾಸು."

"ಸಖತ್! ಯಾರು, ಮಗಳಾ?"

"ಅಲ್ಲಪ್ಪ," ಎಂದಳು ಅವಳು. ಕಣ್ಣೊರೆಸಿಕೊಂಡು ಗಟ್ಟಿಯಾಗಿ ಹೇಳಿದಳು: "ನಾನು."