ಗೌರಕ್ಕನ ಎದೆಯ ಓಟ ನಿಲ್ಲಿಸಿ ಬಂದದ್ದು

ಚಿನ್ನದ ಗಣಿಯ ನಮ್ಮೂರು ಚಾಂಪಿಯನ್ ರೀಫ್ಸ್‌ನಿಂದ ಹೊರಟಾಗ ಇನ್ನೂ ಮಂಜು ಬಿಟ್ಟಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನನ್ನ ಜೊತೆ ಅಕ್ಕ ಗೌರಮ್ಮ, ಗಣಿಯಲ್ಲಿ ಕೆಲಸ ಮಾಡುವ ಭಾವ ಮುನಿಯಪ್ಪ. ಅಕ್ಕನ ಹೃದಯದ ಸ್ನಾಯು ಮೊದಲೇ ಸೊರಗಿತ್ತು. ಅದರ ಮೇಲೆ ಎದೆಬಡಿತ ಹುಚ್ಚುಕುದುರೆಯಂತೆ ಓಡತೊಡಗಿತ್ತು. ನಲ್ಲಿಯ ಹತ್ತಿರ ಬಿಂದಿಗೆ ಸಮೇತ ಬಿದ್ದ ಮೇಲೆ, ಬರೀ ಮಾತ್ರೆ ಸಾಲದು, ಬೆಂಗಳೂರಿನಲ್ಲಿ ಹೊಸ ಚಿಕಿತ್ಸೆ ಬಂದಿದೆ ಎಂದರು ಡಾಕ್ಟರು.

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿದೆವು. "ಎದೆಯೊಳಗೆ ಸುಡ್ತಾರಂತೆ. ನಾನು ಬದುಕಿ ಬತ್ತೀನೇನೇ?" ಎಂದಳು ಅಕ್ಕ.

"ಬರದೆ ಎಲ್ಲಿಗೆ ಓಗ್ತೀಯ?" ಎಂದು ಭಾವ ಅವಳ ಕೈಗೆ ಕಾಫಿ ಲೋಟ ಕೊಟ್ಟರು.

ಆಸ್ಪತ್ರೆಯ ಡಾಕ್ಟರು ನಿಧಾನವಾಗಿ ತಿಳಿಸಿದರು. ತೊಡೆಯ ರಕ್ತನಾಳದಿಂದ ತೆಳ್ಳನೆಯ ತಂತಿಯನ್ನು ಹೃದಯದವರೆಗೆ ಕಳಿಸುತ್ತಾರೆ. ಬಡಿತ ದಾರಿ ತಪ್ಪುವ ಜಾಗ ಹುಡುಕಿ, ತಂತಿಯ ತುದಿಯ ಕಾವಿನಿಂದ ಅಷ್ಟನ್ನೇ ಸುಡುತ್ತಾರೆ. ಸ್ನಾಯುವಿನ ಕಾಯಿಲೆ ಹೋಗುವುದಿಲ್ಲ, ಮಾತ್ರೆಯನ್ನೂ ಬಿಡುವಂತಿಲ್ಲ; ಓಟ ಮಾತ್ರ ನಿಲ್ಲಬಹುದು.

ಮರುದಿನ ಬೆಳಿಗ್ಗೆ ಅಕ್ಕನನ್ನು ಒಳಗೆ ಕರೆದೊಯ್ದರು. ಭಾವ ಮಧ್ಯಾಹ್ನದವರೆಗೂ ಕೂರಲೇ ಇಲ್ಲ. ಕೊನೆಗೆ ನಮ್ಮನ್ನು ಅವಳ ಮಂಚದ ಬಳಿ ಬಿಟ್ಟಾಗ ಅವಳೇ ಮಾತು ಶುರುಮಾಡಿದಳು: "ಎಚ್ಚರವಾಗೇ ಇದ್ದೆ ಕಣೇ! ಕೆಟ್ಟ ಜಾಗ ಹುಡುಕೋಕೆ ಡಾಕ್ಟರೇ ಬೇಕಂತ ಎದೆ ಓಡಿಸಿಬಿಟ್ರು. ಸತ್ತೆ ಅಂದ್ಕೊಂಡೆ. ಆಮೇಲೆ ಒಳಗೆ ಚುರ್ ಅಂತು, ಬ್ರೇಕ್ ಆಕ್ದಂಗೆ ನಿಂತೋಯ್ತು!"

ಭಾವ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು.

"ಸುಟ್ಟಿದ್ದು ನನ್ನ, ಅಳೋರು ನೀವಾ?" ಎಂದಳು ಅಕ್ಕ. ಪಕ್ಕದ ಮಂಚದವರೂ ನಕ್ಕರು.

ಕೆಲವು ದಿನ ಬಿಟ್ಟು ಮನೆಗೆ ಕಳಿಸಿದರು. ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು, ರಾಗಿ ಹೊಲ, ಕುರಿಮಂದೆ, ಬಂಡೆಗುಡ್ಡ, ಎಲ್ಲವನ್ನೂ ನನಗೆ ಹೊಸದಾಗಿ ತೋರಿಸಿದಳು. ಬಂಗಾರಪೇಟೆಯಲ್ಲಿ ಇಳಿದವಳೇ ಪಾನಿಪುರಿ ಬೇಕೆಂದಳು. "ಉಪ್ಪು ಕಮ್ಮಿ ಅಂದವ್ರೆ ಡಾಕ್ಟರು," ಎಂದು ಭಾವ ಗೊಣಗಿದರು. ಒಂದೇ ಒಂದು ಎಂದು ಒಪ್ಪಿಸಿ, ನನ್ನ ತಟ್ಟೆಯಿಂದ ಎತ್ತಿಕೊಂಡು ತಿಂದಳು.

ಮನೆ ತಲುಪಿದಾಗ ಪಕ್ಕದ ಮನೆಯ ಸೆಲ್ವಿ "ವಾಕ್ಕಾ, ವಾ!" ಎಂದು ತಮಿಳಿನಲ್ಲಿ ಬರಮಾಡಿಕೊಳ್ಳುತ್ತಾ ಬಾಗಿಲಿಗೆ ಆರತಿ ತಂದಳು. ನಾವು ಒಳಗೆ ಕೂತಿದ್ದೆವಷ್ಟೇ, ಗಣಿಯ ಆಳದಲ್ಲಿ ಎಲ್ಲೋ ಬಂಡೆ ಬಿರಿದು ನೆಲ ಅದುರಿತು. ಗೂಡಿನ ಲೋಟಗಳು ಗಲಗಲ ಅಂದವು. ಅಲ್ಲಿನವರಿಗೆ ಅದು ರೂಢಿ, ಆದರೂ ನಾವೆಲ್ಲ ಒಟ್ಟಿಗೇ ಅಕ್ಕನ ಮುಖ ನೋಡಿದೆವು.

ಅವಳು ಎದೆಯ ಮೇಲೆ ಅಂಗೈ ಇಟ್ಟು, ಕ್ಷಣ ಹೊತ್ತು ಆಲಿಸಿ, ಬಾಯ್ತುಂಬ ನಕ್ಕಳು.

"ನಾನಲ್ಲ ಕಣ್ರೋ, ಭೂಮಿ!"